ಮಾಯಾದೀಪದ ಮೇಲಿನ ನಾಲ್ಕನೆಯ ಆಕ್ಷೇಪಣೆ

ಮಾನ್ಯ ವಾಚಕ ಮಹಾಶಯರಲ್ಲಿ ಸವಿನಯ ವಿಜ್ಞಾಪನೆ. ಈ ಬರಹದ ಕಾಗುಣಿತ ಶುದ್ಧವಾಗಿಲ್ಲ. ಅಕ್ಷರಗಳಂತೂ ಗೆರೆ ಬಿಟ್ಟು ಕೆಳಗಿಳಿದಿವೆ. ಎರಡಕ್ಕೂ ಮುಂಗಡವಾಗಿ ಕ್ಷಮೆ ಕೋರುತ್ತೇನೆ. ವರ್ಷಗಟ್ಟಲೆ ಕಚೇರಿಯಲ್ಲಿ ಪರರ ಪತ್ರಗಳಿಗೆ ಪ್ರತಿ ಎತ್ತಿದ ಕೈ ಇದು. ಸ್ವಂತ ಮನೆಯ ಸಂಗತಿಯನ್ನು ಬರೆಯಲು ಹೊರಟಿರುವುದು ಇದೇ ಮೊದಲು.

ಕಾರಣವಿಷ್ಟೆ. ಇಂದು ಸಂಜೆ ಕಿಂಗ್ಸ್ ಸರ್ಕಲ್ ಸ್ಟೇಷನ್ನಿನ ಹೊರಗೋಡೆಗೆ ಹಾರುವ ಕುದುರೆಯ ಸಿನೆಮಾ ಪೋಸ್ಟರ್ ಹಚ್ಚುತ್ತಿದ್ದರು. ಮೈದಾಹಿಟ್ಟಿನ ಅಂಟಿನ ಹಸಿ ವಾಸನೆ ಮೂಗಿಗೆ ಬಡಿದೊಡನೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋದೆ. ಅಂಟಿನ ವಾಸನೆಗೆ ಹೆದರುವ ಗುಮಾಸ್ತ ಈ ಮುಂಬಯಿಯಲ್ಲಿ ನಾನೊಬ್ಬನೇ ಇದ್ದೇನು.

ನಾಲ್ಕು ವರ್ಷಗಳ ಹಿಂದೆ, ಆಂಟಾಪ್ ಹಿಲ್ಲಿನ ನಮ್ಮ ಒಂದೇ ಕೋಣೆಯ ಮನೆಯಲ್ಲಿ, ನನ್ನ ಹೆಂಡತಿ ಸುಮಿತ್ರೆಗೆ ಕೆಮ್ಮು ಹತ್ತಿ ಎರಡು ತಿಂಗಳಾಗಿತ್ತು. ಡಾಕ್ಟರು ಎದೆಯ ಎಕ್ಸ್-ರೇ ತೆಗೆಸಲು ಚೀಟಿ ಕೊಟ್ಟಿದ್ದರು. "ಕತ್ತಲ ಖೋಲ್ಯಾಗ ನಿಲ್ಲಿಸಿ ಮೈಯಾಗ ಮಿಂಚ ಬಿಡ್ತಾರಂತ. ನಾ ಒಲ್ಲೆ," ಎಂದು ಅವಳು ಚೀಟಿಯನ್ನು ಅಕ್ಕಿಡಬ್ಬಿಯ ಅಡಿಗೆ ತಳ್ಳಿದ್ದಳು. ಧಾರವಾಡದ ಹಟ, ಮುಂಬಯಿಯ ನಳದ ನೀರಿಗೆ ಕರಗುವಂಥದಲ್ಲ.

ಆ ಐತವಾರ ಮಗಳ ಕಾಟಕ್ಕೆ ಮೂವರೂ ಮಾಟುಂಗಾದ ಥಿಯೇಟರಿಗೆ ಹೋದೆವು. ಚಿತ್ರದಲ್ಲಿ ರಾಣಿ ಹಾಸಿಗೆ ಹಿಡಿದಿದ್ದಳು. ಅವಳ ಮಕ್ಕಳು ಹಾರುವ ಮಂಚವೇರಿ ಋಷಿಯ ಮಾಯಾದೀಪ ತಂದರು. ಅದರ ಬೆಳಕು ರಾಣಿಯ ಮೈಯನ್ನು ತೂರಿ, ಎಲುಬುಗಳ ನಡುವೆ ಅಡಗಿದ್ದ ಕರಿಯ ವಿಷವನ್ನು ತೋರಿಸಿತು. ನನಗೆ ಕಂಡದ್ದು ಬೇರೆ: ಮಂಚಕ್ಕೆ ಕಟ್ಟಿದ ತಂತಿ, ಮೋಡವೆಂಬ ಹತ್ತಿ, ಚಂದ್ರನ ಮೇಲೆ ಯಾರದೋ ಏಣಿಯ ನೆರಳು.

ಹೊರಗೆ ಬರುತ್ತ ಸುಮಿತ್ರೆ ಹೇಳಿದಳು: "ರಾಣಿ ನಕ್ಕೋತನ ಇದ್ಲಲ್ರೀ. ಬರೇ ಬೆಳಕದು. ಬುಧವಾರ ಹೋಗೂಣು ತಗೋರಿ ದವಾಖಾನಿಗೆ."

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಗುಮಾಸ್ತನ ಕೈ ನೋಡಿ, ಸೋಮವಾರವೇ ಚಿತ್ರ ತೆಗೆದವರಿಗೆ ಐದು ಆಕ್ಷೇಪಣೆಗಳ ತಕರಾರು ಅರ್ಜಿ ಸಿದ್ಧಪಡಿಸಿತು. ಮೊದಲು ಕನ್ನಡದಲ್ಲಿ ಕರಡು, ಪದ್ಧತಿಯಂತೆ ಅದಕ್ಕೊಂದು ಪ್ರತಿ. ಹೋಟೆಲಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಶೆಟ್ಟರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಓದಿದೆ. "ನಾಲ್ಕನೆಯದಾಗಿ, ದೀಪದ ಬೆಳಕು ಮಾಂಸವನ್ನು ತೂರಿ ಎಲುಬನ್ನು ತೋರಿಸುವುದು ವಿಜ್ಞಾನಕ್ಕೆ ಸರ್ವಥಾ ವಿರುದ್ಧ; ಇದು ಕುಟುಂಬಸ್ಥರಿಗೆ ಮಾಡಿದ ವಂಚನೆ..."

"ಎಂಥ ಮಾರಾಯ್ರೆ," ಎಂದರು ಶೆಟ್ಟರು, "ತಂತಿ ನೋಡ್ಲಿಕ್ಕೆ ಟಿಕೆಟ್ ಯಾಕೆ? ರಸ್ತೆ ಮೇಲೆ ಟ್ರಾಮಿನ ತಂತಿ ಉಂಟಲ್ಲ, ಪುಕ್ಕಟೆ!"

ಒಳಗೆ ಸೌಟಿನ ಸದ್ದು ನಿಂತಿತು. ಸುಮಿತ್ರೆ ಹೊಸ್ತಿಲಿಗೆ ಬಂದಳು. "ಬೆಳಕಿಗೆ ಎಲುಬು ಕಾಣಂಗಿಲ್ಲಂದ್ರ, ದವಾಖಾನ್ಯಾಗಿಂದು ಬೆಳಕಲ್ಲ. ಮತ್ತೇನದು? ಹೇಳ್ರಿ."

ನಿಜ ನಿವೇದಿಸುವುದಾದರೆ, ವಿಜ್ಞಾನವೆಂಬ ಶಬ್ದದ ಹೊರತು ವಿಜ್ಞಾನದ ಯಾವ ಅಂಶವೂ ನನ್ನ ತಿಳುವಳಿಕೆಯಲ್ಲಿಲ್ಲ. ಅವಳು ಕೆಮ್ಮುತ್ತ ಒಲೆಯ ಮುಂದೆ ಕುಳಿತಳು. ಚೀಟಿ ಮರಳಿ ಡಬ್ಬಿಯ ಅಡಿಗೆ ಹೋಯಿತು.

ಮಂಗಳವಾರ ಸಂಜೆ ನಾನೇ ಸೋತೆ. "ಆ ನಾಕನೇದು ಹೊಡದ ಹಾಕ್ತೇನಿ."

"ಬರೇ ಹೊಡದ್ರ ಆತೇನು? ಹೊಡದಲ್ಲಿ ಸಹಿ ಇರಬೇಕಂತ ದಿನಾ ನೀವ ಹೇಳ್ತೀರಿ. ಎರಡೂ ಪ್ರತ್ಯಾಗ ಮಾಡ್ರಿ."

ಮಾಡಿದೆ. ಅಂಚಿನಲ್ಲಿ 'ಪುನರ್ವಿಚಾರಣೆಯ ಮೇರೆಗೆ ಹಿಂತೆಗೆದುಕೊಳ್ಳಲಾಗಿದೆ' ಎಂದು ಬರೆದು, ತಾರೀಖು ಹಾಕಿ, ಚಿಕ್ಕ ಸಹಿ ಮಾಡಿದೆ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಆಮೇಲೆ ಡಬ್ಬಿ ಎತ್ತಿ ಚೀಟಿ ತೆಗೆದಳು.

ಬುಧವಾರ ಅವಳು ಒಳಗೆ, ನಾನು ಹೊರಗಿನ ಬೆಂಚಿನ ಮೇಲೆ. ಗೋಡೆಯ ಮೇಲಿನ ಸೂಚನಾಪತ್ರವನ್ನು ಮೂರು ಸಲ ಓದಿದೆ. ಹೊರಬಂದವಳು, "ಎದಿಗಿ ಒತ್ತಿದ ಹಲಗಿ ತಣ್ಣಗಿತ್ರೀ. ಅಷ್ಟ," ಎಂದಳು. ಬಲಗಡೆಯ ಶ್ವಾಸಕೋಶದಲ್ಲಿ ಕ್ಷಯದ ಕಲೆ ಕಂಡಿತು. ಒಂದೂವರೆ ವರ್ಷ ಇಂಜೆಕ್ಷನ್ನು, ಮೊಟ್ಟೆ ಮುಟ್ಟದವಳಿಗೆ ಮೊಟ್ಟೆ. "ಇನ್ನು ಸ್ವಲ್ಪ ತಡಮಾಡಿದ್ದರೆ..." ಎಂದ ಡಾಕ್ಟರು ವಾಕ್ಯ ಮುಗಿಸಲಿಲ್ಲ, ನಾನೂ ಮುಗಿಸಲು ಕೇಳಲಿಲ್ಲ. ಅರ್ಜಿಯನ್ನು ಟಪಾಲಿಗೆ ಹಾಕಲಿಲ್ಲ.

ಈಗ ಆರಾಮಾಗಿದ್ದಾಳೆ. ಆದರೂ ವರ್ಷಕ್ಕೊಮ್ಮೆ ಎಕ್ಸ್-ರೇ ತಪಾಸಣೆಯುಂಟು. ಈ ಸಲದ್ದು ಬರುವ ಸೋಮವಾರ. ಇಂದು ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಐತವಾರ ಸಿನೆಮಾಕ್ಕ ಹೋಗೂಣೇನ್ರೀ? ಹಾರೂ ಕುದುರಿ ಅದ ಅಂತ."

"ಹೋಗೂಣು."

"ಬಾಯಿ?"

"ಮುಚ್ಚಿರ್ತದ."

ಹಾಗೆಂದು ಮಾತು ಕೊಟ್ಟಿದ್ದೇನೆ. ನಿದ್ದೆ ಬರುವ ಭರವಸೆಯಿಲ್ಲ. ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳು. ಈ ಬರಹದಲ್ಲಿ ಕಂಡ ತಪ್ಪುಗಳನ್ನೆಲ್ಲ ನಿರ್ದಾಕ್ಷಿಣ್ಯವಾಗಿ ತಿದ್ದಬೇಕು. ಐತವಾರ ತಾವೂ ಅದೇ ಆಟಕ್ಕೆ ಬಂದು ನಮ್ಮ ಹಿಂದಿನ ಸಾಲಿನಲ್ಲಿ ಕುಳಿತಿದ್ದರೆ, ಕುದುರೆಗೆ ಕಟ್ಟಿದ ತಂತಿ ಕಂಡರೂ, ಸೋಮವಾರ ಮಧ್ಯಾಹ್ನದವರೆಗೆ ದಯಮಾಡಿ ಯಾರಿಗೂ ಹೇಳಬಾರದು.