ಏಳನೆಯ ನಂಬರಿನ ಬಾವಿ

ನನ್ನ ತಂಗಿ ಬಳ್ಳಾರಿಯ ಒಂದು ನಾಟಕ ತಂಡದಲ್ಲಿ ಆರು ವರ್ಷ ಮನೆಗೆಲಸದವಳ ಪಾತ್ರ ಮಾಡಿದಳು. ಏಳನೆಯ ವರ್ಷ ನಾಯಕಿಯ ಪಾತ್ರ ಸಿಕ್ಕಿತು. ಒಂದೇ ಆಟಕ್ಕೆ ಅದನ್ನು ಕಳೆದವನು ನಾನು, ಅದೇ ತಂಡಕ್ಕೆ ಲೈಟ್ ಬಿಡುವವನು. ತಪ್ಪು ಅವಳದೆಂದು ಹೇಳಿದವನೂ ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಬರೆಯುವಾಗ ಕೈ ಬೇರೆ ಕಡೆ ಜಾರುವುದಿಲ್ಲ.

ನಾವು ಕುರುಗೋಡಿನವರು. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟೆ, ತಂಗಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ನನ್ನ ಕೆಲಸಕ್ಕೆ ಓದು ಬೇಕಾಗಿರಲಿಲ್ಲ. ಹಳೆಯ ಬೋರ್ಡ್ ಎಂದರೆ ಒಂದು ಹಲಗೆ, ಎಂಟು ಸ್ವಿಚ್ಚು, ಮೂರು ಫ್ಯಾನ್ ರೆಗ್ಯುಲೇಟರು. ರೆಗ್ಯುಲೇಟರು ಐದು ಸಲ ಕಟಕ್ ಎಂದರೆ ರಂಗದ ಮೇಲೆ ಸೂರ್ಯ ಹುಟ್ಟುತ್ತಿದ್ದ. ಕೈ ಎರಡೂ ಸಾಲದೆ ಮೊಣಕೈಯಿಂದಲೂ ಎಷ್ಟೋ ಸಂಜೆಗಳನ್ನು ಮುಳುಗಿಸಿದ್ದೇನೆ.

ಕಳೆದ ವರ್ಷ ನಮ್ಮ ಮಾಸ್ತರರು, ಅಂದರೆ ನಾಟಕ ಕಲಿಸಿ ತಂಡ ನಡೆಸುವವರು, ಯಾರೋ ಬಳಸಿದ್ದ ಲೈಟಿಂಗ್ ಕನ್ಸೋಲ್ ತರಿಸಿದರು. ಅದು ನಿಜಕ್ಕೂ ಚೆನ್ನಾಗಿತ್ತು. ಒಂದು ದೃಶ್ಯಕ್ಕೆ ಯಾವ ದೀಪ, ಎಷ್ಟು ಬೆಳಕು ಎಂದು ಹೊಂದಿಸಿ ಒಂದು ಬಟನ್ ಒತ್ತಿದರೆ ನಂಬರು ಹಾಕಿ ನೆನಪಿಟ್ಟುಕೊಳ್ಳುತ್ತದೆ. ಆಟದ ದಿನ ಆ ನಂಬರು ಒತ್ತಿ, ಕರೆಯುವ ಬಟನ್ ಒತ್ತಿದರೆ ಅದೇ ಬೆಳಕು ತಪ್ಪದೆ ಬರುತ್ತದೆ. ಎಷ್ಟು ಸೆಕೆಂಡಿನಲ್ಲಿ ಕತ್ತಲಾಗಬೇಕೆಂದೂ ಮೊದಲೇ ಹೇಳಿಡಬಹುದು. ಒಂದೊಂದು ದೀಪಕ್ಕೆ ಒಂದೊಂದು ಸಣ್ಣ ಹಿಡಿ, ಬದಿಯಲ್ಲಿ ಒಂದು ದೊಡ್ಡ ಹಿಡಿ. ಅದನ್ನು ಕೆಳಗೆಳೆದರೆ ಇಡೀ ರಂಗ ಒಟ್ಟಿಗೆ ಮಂಕಾಗುತ್ತದೆ. ತಂದುಕೊಟ್ಟವನು ಇದನ್ನೆಲ್ಲ ಅರ್ಧ ತೆಲುಗು, ಅರ್ಧ ಇಂಗ್ಲಿಷಿನಲ್ಲಿ ಹೇಳಿದ. ಪ್ರತಿ ಮಾತಿಗೂ ನಾನು, "ಗೊತ್ತೈತಿ ಬಿಡ್ರಿ" ಎಂದೆ.

ತಂಗಿ ಹತ್ತಿರ ಬಂದಳು. "ಯಣ್ಣಾ, ಬಟನ್ ಮ್ಯಾಲೆಲ್ಲ ಇಂಗ್ಲೀಷ್ ಐತಿ. ಕನ್ನಡದಾಗ ಬರದು ಅಂಟಸ್ಲೇನು?"

"ಲೈಟಿನ ಕೆಲಸ ಕೈಯಾಗ ಇರತೈತವ್ವಾ, ಅಕ್ಷರದಾಗಲ್ಲ."

"ಹಂಗಾರ ಕೈಗೇ ಕೇಳಿ ಒತ್ತು," ಎಂದು ಹೋದಳು.

ಅವಳು ಆಚೆ ಹೋದ ಮೇಲೆ ಮೇಕಪ್ ಡಬ್ಬಿಯಿಂದ ಹಣೆಗೆ ಅಂಟಿಸುವ ಎರಡು ಬೊಟ್ಟು ಕದ್ದೆ. ನೆನಪಿಡುವ ಬಟನ್ನಿಗೆ ಕೆಂಪು, ಕರೆಯುವ ಬಟನ್ನಿಗೆ ಹಸಿರು. ಉಳಿದ ಬಟನ್ನುಗಳ ಗೊಡವೆಗೆ ಹೋಗಲಿಲ್ಲ.

ಬಳ್ಳಾರಿಯ ಆಟದ ಸಂಜೆ ಮಾಸ್ತರರು ತಂಗಿಗೆ ಹೇಳಿದ್ದರು: "ಇವತ್ತು ಗೆದ್ರ ಸಿರುಗುಪ್ಪ, ಕುರುಗೋಡು ಎರಡೂ ಕಡಿ ನೀನಽ ನಾಯಕಿ. ಇಲ್ಲಾಂದ್ರ ತೆಕ್ಕಲಕೋಟಿಯಾಕಿನ್ನ ಕರಸ್ತೀನಿ."

ರಂಗದ ಎಡಕ್ಕೆ ರಟ್ಟಿನ ಬಾವಿ, ಬಲಕ್ಕೆ ಮನೆಯ ಹೊಸ್ತಿಲು. ಬಾವಿಕಟ್ಟೆಯ ಹೆಂಗಸರು ಹೋದ ಮೇಲೆ ತಂಗಿ ಹೊಸ್ತಿಲಲ್ಲಿ ನಿಂತು ಗಂಡನ ಪತ್ರ ಓದಿ ಅಳಬೇಕು. ನಾಟಕದ ಜೀವವೇ ಅದು. ಆ ಬೆಳಕಿಗೆ ಏಳನೆಯ ನಂಬರು. "ನೀ ಅಲ್ಲೇ ನಿಂದ್ರು, ಬೆಳಕು ನಾ ತರ್ತೀನಿ," ಎಂದು ಅವಳಿಗೆ ಹೇಳಿದ್ದೆ.

ಬಳ್ಳಾರಿಯ ಸೆಖೆಯಲ್ಲಿ ಬೆರಳೆಲ್ಲ ಬೆವರು. ಬೊಟ್ಟುಗಳೆರಡೂ ಬೆರಳಿಗೆ ಅಂಟಿಕೊಂಡು ಬಂದವು. ಕತ್ತಲಲ್ಲಿ ಅಂದಾಜಿನ ಮೇಲೆ ತಿರುಗಿ ಅಂಟಿಸಿದೆ. ಏಳು ಒತ್ತಿ ಹಸಿರು ಒತ್ತಿದೆ. ಬೆಳಕು ಬಾವಿ ಬಿಟ್ಟು ಕದಲಲಿಲ್ಲ. ಮತ್ತೆ ಒತ್ತಿದೆ. ಬಾವಿಯೇ. ಬೊಟ್ಟು ಅದಲು ಬದಲಾಗಿತ್ತು. ನಾನು ಹೊಸ್ತಿಲನ್ನು ಕರೆಯುತ್ತಿರಲಿಲ್ಲ, ಏಳರೊಳಗಿದ್ದ ಹೊಸ್ತಿಲನ್ನು ಅಳಿಸಿ ಬಾವಿಯನ್ನು ನೆನಪಿಟ್ಟುಕೋ ಎಂದು ಅಪ್ಪಣೆ ಕೊಡುತ್ತಿದ್ದೆ.

ತಂಗಿ ಹೊಸ್ತಿಲ ಕತ್ತಲಲ್ಲೇ ಅಳತೊಡಗಿದಳು. ಜನಕ್ಕೆ ಕಾಣುತ್ತಿದ್ದದ್ದು ಬರೀ ಬಾವಿ.

"ಲೇ, ಬಾವ್ಯಾಗ ಬಿದ್ದಾಳೇನಲೇ?" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಹಗ್ಗ ಬಿಡ್ರಪೋ!" ಎಂದ ಇನ್ನೊಬ್ಬ.

ಗಾಬರಿಯಲ್ಲಿ ಎಲ್ಲ ಹಿಡಿಗಳನ್ನೂ ಮೇಲಕ್ಕೆ ತಳ್ಳಿದೆ. ಹಿಂದಿನ ದೃಶ್ಯದಲ್ಲಿ ಸತ್ತಿದ್ದ ಮಾವ ಪರದೆಯ ಪಕ್ಕ ಕುಳಿತು ಚಹಾ ಕುಡಿಯುತ್ತಿದ್ದದ್ದು ಊರಿಗೆಲ್ಲ ಕಂಡಿತು. ತಂಗಿ ಪತ್ರ ಓದಿ ಮುಗಿಸುವವರೆಗೂ ನಗು ನಿಲ್ಲಲಿಲ್ಲ.

ಪರದೆ ಬಿದ್ದ ಕೂಡಲೇ ಮಾಸ್ತರರು ನನ್ನ ಮುಂದೆ ನಿಂತರು. "ಏನಲೇ ಅದು?"

"ಆಕಿನಽ ಬಾವಿ ಹತ್ರ ಅಳ್ತೀನಿ ಅಂದಿದ್ಳ್ರಿ. ಅದಕ್ಕ ಬೆಳಕು ಅಲ್ಲೇ ಇಟ್ಟಿದ್ದೆ."

ಕೇಳದೆ ಜಾಗ ಬದಲಿಸುವ ನಟರನ್ನು ಕಂಡರೆ ಅವರಿಗೆ ಆಗದು. ಅದು ಗೊತ್ತಿದ್ದೇ ಹೇಳಿದೆ. ತಂಗಿ ನನ್ನನ್ನೇ ನೋಡುತ್ತ ಪತ್ರ ಮಡಿಸಿದಳು. ಸಿರುಗುಪ್ಪದ ಪಾತ್ರ ಅಲ್ಲಿಗೇ ಹೋಯಿತು.

ಮರುದಿನ ಮನೆಯಲ್ಲಿ ಕೇಳಿದಳು. "ನಾ ಯಾವಾಗ ಹಂಗ ಹೇಳಿದ್ನಿ?"

"ಅನ್ನ ನೀಡುವಾಗ ಹೇಳಿದ್ಯಲ್ಲ. ಮಂಗಳವಾರ."

"ಮಂಗಳವಾರ ನಂದು ಉಪವಾಸ. ಅವತ್ತು ನೀನಽ ನೀಡಿಕೊಂಡಿದ್ದಿ."

"ಹಂಗಾರ ಬುಧವಾರ."

ಅವಳು ಎದ್ದು ಒಳಗೆ ಹೋದಳು. ಎರಡು ದಿನ ನಾನು ಅನ್ನ ನೀಡಿಸಿಕೊಳ್ಳುವಾಗ ತಲೆ ಎತ್ತಲಿಲ್ಲ.

ಸಿರುಗುಪ್ಪದಲ್ಲಿ ಮಧ್ಯಾಹ್ನ ದೀಪ ಕಟ್ಟಿ, ಬೊಟ್ಟುಗಳನ್ನು ಸರಿಯಾಗಿ ಅಂಟಿಸಿ, ಏಳು ಒತ್ತಿ ಹಸಿರು ಒತ್ತಿದೆ. ಮತ್ತೆ ಬಾವಿ ಬೆಳಗಿತು. ಸರಿಪಡಿಸುವುದು ಒಂದು ಬಟನ್ನಿನ ಕೆಲಸ. ಹೊಸ್ತಿಲಿನ ಬೆಳಕನ್ನು ಏಳರಲ್ಲಿ ತಿರುಗಿ ಇಟ್ಟರೆ ನನ್ನ ತಪ್ಪಿನ ಗುರುತೂ ಉಳಿಯುವುದಿಲ್ಲ. ಬೆರಳು ಬಟನ್ನಿನ ಮೇಲೆಯೇ ಇತ್ತು. ಅಷ್ಟರಲ್ಲಿ ತಂಗಿ ಕೆಲಸದವಳ ಸೀರೆಯುಟ್ಟು ಕೊಡ ಇಡಲು ಬಾವಿಯ ಹತ್ತಿರ ಬಂದಳು. ಬೆಳಕು ಕಣ್ಣಿಗೆ ಬಿದ್ದ ಕೂಡಲೇ ಪಕ್ಕಕ್ಕೆ ಸರಿದಳು, ತಾನು ಅಲ್ಲಿ ನಿಲ್ಲಬಾರದು ಎನ್ನುವಂತೆ. ನನ್ನ ಬೆರಳು ಮೇಲೆದ್ದಿತು.

"ಮಾಸ್ತರ, ಇಲ್ಲಿ ಬರ್ರಿ," ಎಂದು ಕೂಗಿದೆ. "ಏಳು ಒತ್ತಿದ್ರ ಬಾವಿ ಬರತೈತಿ ನೋಡ್ರಿ. ನಾನಽ ತಪ್ಪು ಬಟನ್ ಒತ್ತಿ ಹಂಗ ಇಟ್ಟೀನಿ. ಆಕಿ ಏನೂ ಹೇಳಿರಲಿಲ್ರಿ. ನನಗ ಆ ಅಕ್ಷರ ಓದಾಕ ಬರಂಗಿಲ್ಲ."

ಮಾಸ್ತರರು ಬಾವಿ ನೋಡಿದರು, ನನ್ನನ್ನು ನೋಡಿದರು. "ಓದಾಕ ಬರಂಗಿಲ್ಲ, ಸರಿ. ಸುಳ್ಳು ಹೇಳಾಕ ಯಾವ ಸಾಲ್ಯಾಗ ಕಲ್ತಿ?"

ತಂಗಿ ಕೊಡವನ್ನು ಕೆಳಗಿಟ್ಟಳು. "ಬುಧವಾರ ನಾವು ಒಗ್ಗರಣಿ ಮಂಡಕ್ಕಿ ತಿಂದಿದ್ವಿ," ಎಂದಳು. "ಅನ್ನಾನಽ ಮಾಡಿರಲಿಲ್ಲ. ನೀ ಬುಧವಾರ ಅಂದಾಗಽ ಗೊತ್ತಾತು ನನಗ."

ತೆಕ್ಕಲಕೋಟೆಯಿಂದ ಬಂದ ನಟಿ ಅದಾಗಲೇ ನಾಯಕಿಯ ಬಣ್ಣ ಹಚ್ಚಿಕೊಂಡಿದ್ದರು. ಸಿರುಗುಪ್ಪದಲ್ಲಿ ತಂಗಿ ಕೊಡ ಹೊತ್ತಳು. ಕುರುಗೋಡಿನ ಆಟಕ್ಕೆ ಪಾತ್ರ ಅವಳದೇ ಎಂದು ಮಾಸ್ತರರು ಒಪ್ಪಿದರು. ಅವಳು ಅದಕ್ಕೊಂದು ಷರತ್ತು ಹಾಕಿದಳು.

"ಮಾಡ್ತೀನ್ರಿ. ಆದ್ರ ಬೋರ್ಡಿನ ಮುಂದ ನಮ್ಮಣ್ಣ ಇರಬಾರದು."

ಬಳ್ಳಾರಿಯಿಂದ ಬೇರೊಬ್ಬನನ್ನು ಕರೆಸಿದರು. ನಮ್ಮದೇ ಊರಿನಲ್ಲಿ, ಗುರುತಿನವರ ನಡುವೆ, ನಾನು ಮೂರನೆಯ ಸಾಲಿನ ಕುರ್ಚಿಯಲ್ಲಿ ಕುಳಿತೆ. ಹೆಂಗಸರು ಬಾವಿ ಬಿಟ್ಟು ಹೋದರು. ಬಾವಿ ನಿಧಾನವಾಗಿ ಕತ್ತಲಾಯಿತು, ಹೊಸ್ತಿಲು ಬೆಳಗಿತು. ತಂಗಿ ಪತ್ರ ಬಿಚ್ಚಿದಳು. ಅವಳ ಮುಖವನ್ನು ಅಷ್ಟು ಹೊತ್ತು, ಎದುರಿನಿಂದ, ನಾನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ನೋಡಿದ್ದು ಬಟನ್ನುಗಳನ್ನು.

ಪಕ್ಕದವರು ನನ್ನ ಭುಜ ತಟ್ಟಿದರು. "ಏನು ಲೈಟ್ ಬಿಟ್ಟಾನಪ್ಪ! ನಿನ್ನ ಕೈಯಾಗ ಕಲ್ತಾನೇನು?"

"ಇಲ್ರಿ," ಎಂದೆ. "ಓದಿ ಕಲ್ತಾನ."