ಕಬ್ಬಿನ ಹೊಲದ ಅಂಗಿ

ಗೋಕಾಕದ ನಮ್ಮ ಓಣಿಯಲ್ಲಿ ಎಲ್ಲರಿಗೂ ಚಿಕ್ಕಮ್ಮನಂತಿದ್ದ ಟೇಲರ್ ಕಾಕು ಹೊಸ ನಮೂನೆಗಾಗಿ ಮೊಬೈಲು, ಪುಸ್ತಕ ನೋಡುತ್ತಿರಲಿಲ್ಲ. ಎಡಗೈಯಲ್ಲಿ ಕತ್ತರಿ ಹಿಡಿದು, ಕಣ್ಣು ಮುಚ್ಚಿ, "ತಡಿ, ನನಗ ಏನ ತ್ರಾಸ ಆಗಿತ್ತು ನೆನಸ್ತೇನಿ" ಅನ್ನುತ್ತಿದ್ದರು.

ಮದುವೆಗೆ ಮುಂಚೆ ಅವರು ದಡ್ಡಿ ಎಂಬ ಊರಿನಲ್ಲಿ ಕಬ್ಬು ಕಡಿದವರು. ಗರಿ ತಾಗಿ ಕೈ ಕೊಯ್ಯಬಾರದೆಂದು ಅಲ್ಲಿಯ ಹೆಂಗಸರು ಸೀರೆಯ ಮೇಲೆ ಮನೆಯ ಗಂಡಸರ ಹಳೇ ಅಂಗಿ ತೊಡುತ್ತಾರೆ. ಬಗ್ಗಿದಾಗಲೆಲ್ಲ ಎದೆಯ ಕಿಸೆಯಿಂದ ಎಲೆಅಡಿಕೆ ಚೀಲ ಕೆಸರಿಗೆ ಬೀಳುತ್ತದೆ. ಅದನ್ನು ನೆನೆದೇ ಕಾಕು ಹೆಂಗಸರಿಗೆಂದು ಒಂದು ಅಂಗಿ ಹೊಲಿದರು. ಸೊಂಟದ ಬಲಕ್ಕೆ ಆಳವಾದ ಕಿಸೆ ಇಟ್ಟರು. ಅದು ಒಪ್ಪಿಗೆಯಾದರೆ ಕಡಿಯುವವರ ಇಡೀ ಗುಂಪಿನ ಅಂಗಿಗಳು ಅವರಿಗೇ ಸಿಗುತ್ತಿದ್ದವು. ಇಲ್ಲದಿದ್ದರೆ ಮತ್ತೆ ಸೀರೆಗೆ ಫಾಲ್ ಹಚ್ಚುವ ಬೇಸರದ ಕೆಲಸ.

ಅಂಗಿ ತೋರಿಸಲು ಕಾಕು ದಡ್ಡಿಗೆ ಹೋದದ್ದು ಶುಕ್ರವಾರ ಎಂದು ನನ್ನ ಡೈರಿಯಲ್ಲಿದೆ. ನಾನೂ ಜೊತೆಗೆ ಹೋದೆ. ಗುಂಪಿನ ಹಿರಿಯಾಕೆ ಅಂಗಿ ತೊಟ್ಟು ಕಬ್ಬು ಕಡಿದು ನೋಡಿದಳು. ಬಲಗೈಯಲ್ಲಿ ‘ಕೊಯ್ತಾ’ ಎಂಬ ಕಬ್ಬಿನ ಕತ್ತಿ ಇತ್ತು. ಎಡಗೈಯನ್ನು ಬಲಗಡೆಯ ಕಿಸೆಗೆ ಮುಟ್ಟಿಸಲು ಹೋಗಿ ಒಂದು ಗಿರಕಿ ಹೊಡೆದಳು.

"ಏನವಾ, ಇದನ್ನ ಎಡಚರಿಗೆ ಹೊಲದೀ ಏನ?"

ಎಲ್ಲರೂ ಕಬ್ಬಿನ ರಾಶಿಯ ಮೇಲೆ ಬಿದ್ದು ನಕ್ಕರು. ಕಾಕು ತಮ್ಮ ಎಡಗೈ ನೋಡಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. "ಖರೆ ಐತಿ ಬಿಡವಾ! ಕಡಿಯೂಮುಂದ ನನಗ ಖಾಲಿ ಇರತಿದ್ದದ್ದು ಬಲಗೈ!"

"ಎರಡೂ ಕಡೆ ಇಡು. ಒಂದು ಎಲಿಅಡಿಕಿಗೆ, ಒಂದು ಮೊಬೈಲಿಗೆ. ಎಲ್ಲಾರಿಗೂ ಹೊಲಿ," ಎಂದು ಹಿರಿಯಾಕೆ ಒಪ್ಪಿಗೆ ಕೊಟ್ಟಳು.

ಮರಳುವ ಬಸ್ಸಿನಲ್ಲಿ ಕಾಕು ನೆನೆಯಲು ಕಣ್ಣು ಮುಚ್ಚಲಿಲ್ಲ. ಬಾಜೂ ಕುಳಿತ ಅಪರಿಚಿತ ಹೆಂಗಸಿನ ಹೆಗಲ ಚೀಲವನ್ನೇ ನೋಡುತ್ತಿದ್ದವರು ಕೇಳಿಯೇಬಿಟ್ಟರು:

"ಅಕ್ಕಾರ, ಇದರ ಪಟ್ಟಿ ನಿಮಗ ಎಲ್ಲಿ ಒತ್ತತೈತ್ರಿ?"