ಸತ್ತವನಿಗೊಂದು ಮಾತು

ಹೆಣದ ಪಾತ್ರ ಸುಲಭ ಎನ್ನುವವರು ರಂಗದ ಮೇಲೆ ಒಮ್ಮೆಯೂ ಸತ್ತು ನೋಡಿದವರಲ್ಲ. ಮೂಗಿನ ತುದಿಯಲ್ಲಿ ನೊಣ ಕೂತಿರುತ್ತದೆ, ಪಕ್ಕದಲ್ಲಿ ನಿಮ್ಮ ಹೆಂಡತಿಯ ಪಾತ್ರದವರು ನಿಮ್ಮ ಬಗ್ಗೆ ಸುಳ್ಳು ಹೇಳುತ್ತಿರುತ್ತಾರೆ, ಎದುರಿಗೆ ಜನ ನಗುತ್ತಿರುತ್ತಾರೆ. ನೀವು ಮಾತ್ರ ನಗುವಂತಿಲ್ಲ. ಉಸಿರಾಡಬಹುದು, ಆದರೆ ಯಾರಿಗೂ ಗೊತ್ತಾಗಬಾರದು. ಜೀವನವೆಲ್ಲ ಕೇಂದ್ರ ಸರ್ಕಾರದ ನೌಕರಿಯಲ್ಲಿ ಕಳೆದ ನನಗೆ ಇದು ತಾನಾಗಿ ಬರಬೇಕಿತ್ತು. ಬರಲಿಲ್ಲ.

ಪಾತ್ರ ಸಿಕ್ಕಿದ್ದು ಪ್ರತಿಭೆಯಿಂದಲ್ಲ, ಮರೆವಿನಿಂದ. ಹಿಂದಿನ ನಾಟಕದಲ್ಲಿ ಕೊನೆಯ ದೃಶ್ಯದ ಮಾತನ್ನು ಮೊದಲನೆಯದರಲ್ಲೇ ಹೇಳಿ, ವರನ ಮುಖ ನೋಡುವ ಮೊದಲೇ ಮಗಳನ್ನು ಗಂಡನ ಮನೆಗೆ ಕಳಿಸಿಬಿಟ್ಟೆನಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ನನ್ನ ನೆನಪಿನ ಪ್ರಕಾರ ಎದುರಿನವರೇ ತಪ್ಪು ಮಾತು ಎತ್ತಿಕೊಟ್ಟಿದ್ದರು. ಆದರೆ ನನ್ನ ನೆನಪಿನ ಮಾತನ್ನು ಯಾರು ನಂಬುತ್ತಾರೆ? ನಾನೇ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುವಾಗ ಕಲಿತದ್ದರಲ್ಲಿ ಉಳಿದಿರುವುದು ಸ್ವಲ್ಪ. ಅದರಲ್ಲೊಂದು, ನಮ್ಮ ಹಳೆಯ ತರ್ಕಶಾಸ್ತ್ರಿಗಳಾದ ನೈಯಾಯಿಕರು ಪ್ರತ್ಯಕ್ಷ, ಅನುಮಾನಗಳನ್ನೆಲ್ಲ ಪ್ರಮಾಣವೆಂದು ಒಪ್ಪಿ, ನೆನಪನ್ನು ಮಾತ್ರ ಬಾಗಿಲ ಹೊರಗೆ ನಿಲ್ಲಿಸಿದ್ದರು ಎಂಬುದು. ಇದನ್ನೂ ನೆನಪಿನಿಂದಲೇ ಹೇಳುತ್ತಿದ್ದೇನೆ, ಪರಿಶೀಲಿಸಿಕೊಳ್ಳಿ.

ನಮ್ಮದು ದೆಹಲಿಯ ಸಣ್ಣ ಕನ್ನಡ ತಂಡ. ಒಂದು ಆಟೋದಲ್ಲಿ ಹಿಡಿಸುವುದಿಲ್ಲ, ಎರಡರಲ್ಲಿ ಜಾಗ ಮಿಗುತ್ತದೆ. ನಡೆಸುವವಳು ವಸುಧಾ. ವಾರವೆಲ್ಲ ಕೇಂದ್ರದ ಸಚಿವಾಲಯವೊಂದರಲ್ಲಿ ಕಡತಗಳನ್ನು ತಿದ್ದಿ, ಭಾನುವಾರ ತನ್ನ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ನಮ್ಮನ್ನು ತಿದ್ದುತ್ತಾಳೆ. ಇಂದಿರಾಪುರಂನಿಂದ ನಾನು ಎರಡು ಮೆಟ್ರೊ ಬದಲಿಸಿ ಅಲ್ಲಿಗೆ ಹೋಗುತ್ತೇನೆ. ನಾಟಕ ಬರೆದದ್ದೂ ಅವಳೇ. ಕತೆ ಇಷ್ಟು. ಕನ್ನಡದ ಸರ್ಕಾರಿ ಅಧಿಕಾರಿಯೊಬ್ಬ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಳ್ಳುತ್ತಾನೆ. ಮಗಳ ಬೋರ್ಡ್ ಪರೀಕ್ಷೆ ಹತ್ತಿರವಿದೆ. ಸುದ್ದಿ ಹೊರಬಿದ್ದರೆ ಕ್ವಾರ್ಟರ್ಸ್ ಬಿಡಬೇಕಾದೀತೆಂದು ಮನೆಯವರಿಗೆ ಹೆದರಿಕೆ. ನಿಯಮ ಅಷ್ಟು ಕ್ರೂರವಲ್ಲ. ಆದರೆ ನಿಯಮ ಓದಿದ ಒಬ್ಬನೇ ಮನುಷ್ಯ ಆ ಮನೆಯಲ್ಲಿ ಸತ್ತು ಕೂತಿದ್ದಾನೆ. ಹಾಗಾಗಿ ಅವನು ಮೌನವ್ರತದಲ್ಲಿದ್ದಾನೆಂದು ಸಾರುತ್ತಾರೆ, ಚಳಿಗಾಲದಲ್ಲೂ ಎ.ಸಿ. ಓಡಿಸುತ್ತಾರೆ. ಬಂದವರೆಲ್ಲ ಅವನ ಮುಂದೆ ಕಷ್ಟ ತೋಡಿಕೊಂಡು, ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಮನುಷ್ಯನನ್ನು ಕಂಡೇ ಇಲ್ಲ ಎಂದು ಹೊಗಳಿ ಹೋಗುತ್ತಾರೆ.

ವಸುಧಾಳ ಮಗಳು ಇಳಾ ನಾಟಕದಲ್ಲೂ ಮಗಳು. ದೆಹಲಿಯಲ್ಲೇ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಅವಳ ಮಾತುಗಳನ್ನು ದೇವನಾಗರಿಯಲ್ಲಿ ಬರೆದುಕೊಡುತ್ತೇವೆ. ನಮ್ಮೆಲ್ಲರಿಗಿಂತ ಅವಳ ಮಾತೇ ಗಟ್ಟಿ.

ಒಂದು ಭಾನುವಾರ ಅಳುವ ದೃಶ್ಯದ ತಾಲೀಮು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಗೋಳಾಟ. ಮೇಲಿನ ಮನೆಯ ಆಂಟಿ ಅಡಿಗೆ ಬಿಟ್ಟು, ತಲೆಗೆ ದುಪಟ್ಟ ಹೊದ್ದು ಬಂದೇಬಿಟ್ಟರು. ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ ನನ್ನನ್ನು ನೋಡಿ ವಸುಧಾಳನ್ನು ತಬ್ಬಿಕೊಂಡು, "ಬಹುತ್ ಭಲೇ ಆದ್ಮೀ ಥೇ" ಎಂದರು. ಬಹಳ ಒಳ್ಳೆಯವರಿದ್ದರು ಎಂದ ಅವರು ನನ್ನನ್ನು ಅದುವರೆಗೆ ಕಂಡೇ ಇರಲಿಲ್ಲ. ತಕ್ಷಣ ಕಣ್ಣು ಬಿಡುವುದು ಸಭ್ಯತೆಯಾಗಿತ್ತು. ಆದರೆ ನನ್ನ ಬಗ್ಗೆ ಒಳ್ಳೆಯ ಮಾತು ಕೇಳಿ ಬಹಳ ಕಾಲವಾಗಿತ್ತು. ಇನ್ನೊಂದು ವಾಕ್ಯ ಬರಲಿ ಎಂದು ಕಾದೆ. ಅಷ್ಟರಲ್ಲಿ ಇಳಾ ನಕ್ಕುಬಿಟ್ಟಳು.

ಆಂಟಿ ಕ್ಷಮಿಸಿದರು, ಚಹಾವನ್ನೂ ಕುಡಿದರು. ಆದರೆ ಸುದ್ದಿ ಕಾಲೊನಿಯೆಲ್ಲ ಸುತ್ತಿ ನಮ್ಮ ಕನ್ನಡ ಬಳಗದ ಅಧ್ಯಕ್ಷರ ಕಿವಿಗೆ ಬಿತ್ತು. ರಾಜ್ಯೋತ್ಸವದ ಸಮಾರಂಭದಲ್ಲಿ ನಾಟಕಕ್ಕೆ ಹಾಲ್ ಕೊಡುವವರು ಅವರು. ಬೇರೆಲ್ಲಿಯೂ ನಮಗೆ ರಂಗವಿಲ್ಲ. ಸಂಭ್ರಮದ ದಿನ ರಂಗದ ಮೇಲೆ ಹೆಣವೇ ಎಂದು ಅವರಿಗೆ ಸಂಕಟ. ಕೆಟ್ಟವರಲ್ಲ, ಹೆದರಿದವರು. ಸಮಿತಿ ಸೇರಿಸಿ ಒಂದು ದಾರಿ ಹುಡುಕಿದರು. ಕೊನೆಯಲ್ಲಿ ಸತ್ತವನು ಎದ್ದು, "ಅಬ್ಬಾ, ಎಂಥ ಕನಸು ಬಿತ್ತು" ಎನ್ನಬೇಕು. ಹೀಗೆ ಮುಗಿಸಿದರೆ ಹಾಲ್ ಉಂಟು. ಇಲ್ಲವಾದರೆ ಈ ವರ್ಷವೂ ಇಲ್ಲ, ಮುಂದೆಯೂ ಇಲ್ಲ.

ವಸುಧಾ ಒಪ್ಪಿಕೊಂಡು ಬಂದಳು. ಅಂದು ಅವಳು ಯಾರನ್ನೂ ತಿದ್ದಲಿಲ್ಲ. ನನಗೆ ನನ್ನ ಏಕೈಕ ಮಾತನ್ನು ಹೇಳಿಕೊಟ್ಟು, ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು.

ಆ ಮಾತು ನನ್ನನ್ನು ಮೆಟ್ರೊದಲ್ಲೂ ಕಾಡಿತು. ಕನಸು ಎಂದುಬಿಟ್ಟರೆ ಯಾರೂ ಸತ್ತಿಲ್ಲ, ಯಾರೂ ಸುಳ್ಳು ಹೇಳಿಲ್ಲ, ಅಪ್ಪನ ಹೆಣದ ಪಕ್ಕ ಕೂತು ಆ ಹುಡುಗಿ ಗಣಿತ ಮಾಡಿಲ್ಲ. ನಕ್ಕವರೆಲ್ಲ ನಿರಾಳವಾಗಿ ಊಟಕ್ಕೆ ಹೋಗಬಹುದು. ಸಾವನ್ನು ಕನಸೆಂದು ಕರೆದ ವೇದಾಂತಿಗಳನ್ನು ನಾನು ಪರೀಕ್ಷೆಗಾಗಿ ಓದಿದ್ದೇನೆ. ಅವರ್ಯಾರೂ ಹಾಲ್‌ಗಾಗಿ ಹಾಗೆ ಹೇಳಿರಲಿಲ್ಲ. ಮನೆಯಲ್ಲಿ ಹೆಂಡತಿ ಆ ಮಾತನ್ನು ಕೇಳಿಸಿಕೊಂಡು, ಇಷ್ಟುದ್ದದ್ದು ನಿಮಗೆ ನೆನಪಿರುತ್ತದೆಯೇ ಎಂದಳು. ಇರುತ್ತದೆ ಎಂದೆ. ಅದೇ ನನ್ನ ಹೆದರಿಕೆಯಾಗಿತ್ತು.

ಪ್ರದರ್ಶನದ ದಿನ ಹಾಲ್ ತುಂಬಿತ್ತು. ಜನ ನಕ್ಕರು, ನಗುತ್ತಲೇ ಅಲ್ಲಲ್ಲಿ ಸುಮ್ಮನಾದರು. ಕೊನೆಯ ದೃಶ್ಯದಲ್ಲಿ ಇಳಾ ನನ್ನ ಕಾಲ ಬಳಿ ಕೂತು, "ಅಪ್ಪಾ, ಪರೀಕ್ಷೆ ಮುಗೀತು. ಇನ್ನು ನೀನು ಸಾಯಬಹುದು" ಎಂದಳು. ಇಲ್ಲಿ ನಾನು ಏಳಬೇಕು. ಹಾಲ್‌ನಲ್ಲಿ ಒಂದು ಕೆಮ್ಮೂ ಇಲ್ಲ. ನಾನು ಏಳಲಿಲ್ಲ. ಅವಳು ತುಟಿ ಅಲುಗಿಸದೆ, "ಅಂಕಲ್, ಉಠನಾ ಹೈ ಕ್ಯಾ? ಏಳಲ್ವಾ?" ಎಂದು ಪಿಸುಗುಟ್ಟಿದಳು. ನಾನು ಸತ್ತೇ ಇದ್ದೆ. ಕಾದು ಕಾದು ದೀಪದವನು ಬೆಳಕು ಆರಿಸಿದ. ಕತ್ತಲಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿತು. ಆಮೇಲೆ ಚಪ್ಪಾಳೆ.

ನಿಮ್ಮಲ್ಲಿ ನಿಜ ಹೇಳಬೇಕು. ಆ ಗಳಿಗೆಯಲ್ಲಿ ನನಗೆ ಮಾತು ನೆನಪಿತ್ತೋ ಇಲ್ಲವೋ, ಇಂದಿಗೂ ತಿಳಿಯದು. ಬೆಳಗ್ಗೆ ನೆನಪಿತ್ತು, ಬಣ್ಣ ಹಚ್ಚುವಾಗ ನೆನಪಿತ್ತು. ಆ ಹುಡುಗಿ ಅಪ್ಪಾ ಎಂದಾಗ ಒಳಗೆ ಏನಿತ್ತೆಂದು ಹುಡುಕಿದರೆ ಬರೀ ಬೆಚ್ಚಗಿನ ಕತ್ತಲೆ.

ಪರದೆಯ ಹಿಂದೆ ಅಧ್ಯಕ್ಷರು ಬಂದರು. ಮುಖ ಕೆಂಪಾಗಿತ್ತು. ವಸುಧಾಳನ್ನೊಮ್ಮೆ ನೋಡಿ ನನ್ನ ಭುಜದ ಮೇಲೆ ಕೈಯಿಟ್ಟರು.

"ಮರ್ತುಬಿಟ್ರಿ ಅಲ್ವಾ ರಾಯರೇ? ವಯಸ್ಸಾಯ್ತು. ಸಮಿತಿಗೆ ಹಾಗೇ ಹೇಳ್ತೀನಿ. ಹಾಲ್‌ಗೇನೂ ತೊಂದ್ರೆ ಆಗಲ್ಲ."

ಅವರು ನಿಜವಾಗಿಯೂ ದಯೆ ತೋರುತ್ತಿದ್ದರು. ಹೂಂ ಎಂದರೆ ಎಲ್ಲರೂ ಉಳಿಯುತ್ತಿದ್ದರು. ಅದು ಸುಳ್ಳೂ ಆಗದಿರಬಹುದಿತ್ತು. ವಸುಧಾ ನನ್ನ ಕಡೆ ನೋಡಲಿಲ್ಲ.

"ಮರೀಲಿಲ್ಲ ಸಾರ್," ಎಂದೆ. "ಬೇಕಂತಲೇ ಏಳಲಿಲ್ಲ."

ಭುಜದ ಮೇಲಿನ ಕೈ ಹಿಂದೆ ಹೋಯಿತು. ಹಾಗಾದರೆ ಮುಂದೆ ಈ ಹಾಲ್ ಮರೆತುಬಿಡಿ ಎಂದರು. ಆಗ ವಸುಧಾ ತಿರುಗಿ, ಕಡತಕ್ಕೆ ಷರಾ ಬರೆಯುವಷ್ಟೇ ಶಾಂತವಾಗಿ ಹೇಳಿದಳು.

"ಹಾಲ್ ನಿಮ್ಮದು ಸರ್. ಹೆಣ ನಮ್ಮದು."

ಈಗ ನಮಗೆ ಹಾಲ್ ಇಲ್ಲ. ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಕನ್ನಡಿಗರು ತಮ್ಮ ಕ್ಯಾಂಟೀನಿನಲ್ಲಿ ಆಡಿ ಎಂದು ಕರೆದಿದ್ದಾರೆ. ಅಲ್ಲಿ ಪರದೆಯಿಲ್ಲ, ಬೆಳಕು ಆರಿಸಿದರೆ ಫ್ರಿಜ್ಜೂ ಆರುತ್ತದೆಯಂತೆ. ಇಳಾ ತನ್ನ ಗೆಳತಿಯರನ್ನೂ ಕರೆತರುತ್ತಾಳೆ. ಕನ್ನಡ ಬಾರದಿದ್ದರೇನು, ಹೆಣ ಎಲ್ಲರಿಗೂ ಅರ್ಥವಾಗುತ್ತದೆ ಎನ್ನುತ್ತಾಳೆ.

ಹೆಂಡತಿ ಮೊನ್ನೆ, ನಿಜಕ್ಕೂ ಬೇಕಂತಲೇ ಮಾಡಿದಿರಾ ಎಂದು ಕೇಳಿದಳು. ಪುರಾವೆ ಇಲ್ಲದೆ ಏನನ್ನೂ ಒಪ್ಪದ ನಾನು ಹೌದೆಂದೆ. ಮನುಷ್ಯ ಮಾಡಿದ್ದೆಲ್ಲ ಅವನದಾಗುವುದಿಲ್ಲ ಎಂದು ಕಾಣುತ್ತದೆ. ತಪ್ಪಿಸಿಕೊಳ್ಳಲೆಂದು ಯಾರಾದರೂ ಅವನಿಗೆ ಬಾಗಿಲು ತೆರೆದು ಹಿಡಿದಾಗ, ಹೊರಗೆ ಹೋಗದೆ ನಿಂತರೆ, ಆಗ ಅವನದಾಗುತ್ತದೆ.